ಮೊಂಡಿಯ ಎಡಗಿವಿ

ಮಾರ್ಚ್ ೪, ಸೋಮವಾರ

ಇವರನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಹೊಲಿಗೆ ಯಂತ್ರವನ್ನು ಕಿಟಕಿಯ ಪಕ್ಕದಿಂದ ಎತ್ತಿ ಅಡುಗೆಮನೆಗೆ ಸಾಗಿಸಿ ಆ ಜಾಗದಲ್ಲಿ ಮಂಚ ಹಾಕಿದ್ದೇನೆ, ಗಾಳಿ ಬೆಳಕು ಬರಲಿ ಎಂದು. ಇವರು ಕಿಟಕಿಯ ಕಡೆ ಒಮ್ಮೆಯೂ ತಿರುಗಲಿಲ್ಲ. ಸೊಂಟದ ಮೂಳೆ ಮುರಿದಿದೆ, ತೊಡೆಯೊಳಗೆ ಕಬ್ಬಿಣದ ಸಲಾಕೆ ಕೂತಿದೆ. ಮುಂದೆ ಕೋಲು ಹಿಡಿದು ನಡೆಯಬಹುದು, ಆನೆಯ ಕತ್ತಿನ ಮೇಲೆ ಕೂರುವ ಮಾತು ಮರೆತುಬಿಡಿ ಎಂದು ಹೇಳಿ ಕಳಿಸಿದ್ದಾರೆ.

ಮನೆಗೆ ಬಂದು ನೀರು ಕುಡಿದು ಇವರು ಆಡಿದ ಮೊದಲ ಮಾತು, “ಮೊಂಡಿ ಹೇಗಿದ್ದಾಳಂತೆ?”

ಮೊಂಡಿ ಎಂದರೆ ದಿಮ್ಮಿ ಎಳೆಯುವ ಶಿಬಿರದಲ್ಲಿ ಮಾವುತರಾದ ಇವರ ಆನೆ. ಹಟಮಾರಿ, ಅದಕ್ಕೇ ಆ ಹೆಸರು. ಮದುವೆಯಾಗಿ ಬಂದಾಗಿನಿಂದ ನಾನು ಅದನ್ನು ನನ್ನ ಸವತಿ ಎಂದೇ ಕರೆದಿದ್ದೇನೆ. ಬೆಳಕು ಹರಿಯುವ ಮುಂಚೆ ಅದರ ಹತ್ತಿರ ಓಡುವುದು, ಅದಕ್ಕೆ ಸ್ನಾನ, ಅದಕ್ಕೆ ಊಟ, ಅದಕ್ಕೆ ಮುನಿಸು ಬಂದರೆ ರಮಿಸುವುದು. ನನಗೆ ಮುನಿಸು ಬಂದದ್ದು ಇವರಿಗೆ ಗೊತ್ತಾಗುವ ಹೊತ್ತಿಗೆ ನನಗೇ ಮರೆತುಹೋಗಿರುತ್ತಿತ್ತು. ಇಲ್ಲಿಯವರೆಗೆ ಅದೊಂದು ತಮಾಷೆ.

ಹಳ್ಳದ ಮೇಲಿನ ಮರದ ಸೇತುವೆಗೆ ಕಾಲಿಟ್ಟ ಕೂಡಲೇ ಹಲಗೆ ಮುರಿದು ಅದರ ಮುಂಗಾಲು ಒಳಕ್ಕೆ ಹೋಯಿತಂತೆ. ಇವರು ಕತ್ತಿನಿಂದ ಉರುಳಿ ಬಿದ್ದರು. ಅದು ಗಾಬರಿಯಲ್ಲಿ ಕಾಲು ಕಿತ್ತುಕೊಂಡು ತಿರುಗಿ ಓಡಿದಾಗ, ಸರಪಳಿಯಲ್ಲಿ ಎಳೆಯುತ್ತಿದ್ದ ದಿಮ್ಮಿ ಇವರ ಮೇಲಿಂದ ಹಾದುಹೋಯಿತು. ಹದಿನಾರು ವರ್ಷ ಸಾಕಿದವನು ಕೆಳಗೆ ಬಿದ್ದಿದ್ದಾನೆ ಎಂಬ ಪರಿವೆಯೂ ಆ ಪ್ರಾಣಿಗೆ ಇರಲಿಲ್ಲ.

ಅದು ಹಾಳಾಗಿ ಹೋಗಲಿ ಎಂದುಕೊಂಡೆ. ಬಾಯಲ್ಲಿ ಮಾತ್ರ ಚೆನ್ನಾಗಿದೆಯಂತೆ ಎಂದೆ.

ಮಾರ್ಚ್ ೭

ಶಿಬಿರದ ಮೇನೇಜರೂ ಆನೆ ಡಾಕ್ಟರಮ್ಮನೂ ಮನೆಗೆ ಬಂದಿದ್ದರು. ಮೇನೇಜರನ್ನು ಕಂಡರೆ ನನಗೆ ಮಾತೇ ಹೊರಡುವುದಿಲ್ಲ. ಚಹಾ ಕೊಟ್ಟು ಬಾಗಿಲ ಮರೆಯಲ್ಲಿ ನಿಂತೆ. ಅವರು ಇರುವಷ್ಟು ಹೊತ್ತೂ ಇವರು ಹೊದಿಕೆಯ ಅಂಚನ್ನೇ ನೋಡುತ್ತಿದ್ದರು.

ಮೊಂಡಿ ಯಾರನ್ನೂ ಹತ್ತಿರ ಸೇರಿಸುತ್ತಿಲ್ಲವಂತೆ. ದೊಡ್ಡಿಯ ಮೂಲೆ ಹಿಡಿದು ಹಗಲೂ ರಾತ್ರಿ ತೂಗುತ್ತಾ ನಿಂತಿದೆಯಂತೆ. ಸರಪಳಿ ಸದ್ದಾದರೆ ಉಚ್ಚೆ ಹೊಯ್ದುಕೊಳ್ಳುತ್ತದೆ, ಮಾವುತರು ಬಂದರೆ ಸಿಕ್ಕಿದ್ದನ್ನು ಎತ್ತಿ ಎಸೆಯುತ್ತದೆ. ಅವತ್ತು ಸರಪಳಿ ಎಳೆದು ಕಾಲಿಗೆ ಆದ ಗಾಯ ಕೀವು ಕಟ್ಟಿದೆ, ಔಷಧಿ ಹಚ್ಚಲು ಬಿಡುತ್ತಿಲ್ಲ. ಹೀಗೇ ಆದರೆ ದೂರದ ಕಾವಲು ದೊಡ್ಡಿಗೆ ಸಾಗಿಸಬೇಕಾಗುತ್ತದೆ ಎಂದರು ಮೇನೇಜರು. ಅಲ್ಲಿಗೆ ಹೋದ ಆನೆಯ ನಾಲ್ಕೂ ಕಾಲಿಗೆ ಸರಪಳಿ, ಸಾಯುವ ತನಕ.

ಡಾಕ್ಟರಮ್ಮ ಬೇರೆ ಮಾತು ಹೇಳಿದರು. ಮೆಲ್ಲಗೆ ಮುಟ್ಟಿ ಮುಟ್ಟಿಯೇ ಭಯ ಬಿಡಿಸುವ ಒಂದು ವಿಧಾನ ಇದೆಯಂತೆ. ಹಿಂದೆ ಬೇರೊಂದು ಶಿಬಿರದಲ್ಲಿ ಅವರು ಮಾಡಿ ನೋಡಿದ್ದಾರೆ. ಆದರೆ ತಾವು ಮಾಡುವ ಹಾಗಿಲ್ಲ, ತಮ್ಮ ವಾಸನೆ ಬಂದರೇ ಅದಕ್ಕೆ ಸೂಜಿ ನೆನಪಾಗುತ್ತದೆ. ಮಾವುತರ ಕೈಯಲ್ಲೂ ಆಗದು. ಇದುವರೆಗೆ ಅದಕ್ಕೆ ಏನೂ ಮಾಡದವರು ಬೇಕು, ಅವಸರ ಇಲ್ಲದ ಕೈ ಬೇಕು ಎಂದರು.

ಇವರು ಬಾಗಿಲ ಕಡೆ, ನನ್ನ ಕಡೆ ನೋಡಿದರು. ನನಗೆ ನಗು ಬಂತು. ನಾಯಿ ಎದುರು ಬಂದರೆ ರಸ್ತೆ ದಾಟುವವಳು ನಾನು.

ಮಾರ್ಚ್ ೮

ಹೋಗುವುದಿಲ್ಲ ಎಂದೆ. ಮತ್ತೆ ಕೇಳಿದರು. ಹೋಗುವುದಿಲ್ಲ.

ಮಾರ್ಚ್ ೧೧

ಹೋದೆ. ಆನೆಯ ಮೇಲಿನ ಕನಿಕರದಿಂದಲ್ಲ, ಸಿಟ್ಟಿನಿಂದ.

ಬೆಳಗ್ಗೆ ಇವರ ಮೈ ಒರೆಸಲು ಹೋದರೆ ನನ್ನ ಕೈ ತಗಲುವ ಮುಂಚೆಯೇ ಇಡೀ ಮೈ ಬಿಗಿದುಕೊಂಡಿತು. ನೋವಾಯಿತಾ ಎಂದರೆ ಇಲ್ಲ ಎನ್ನುತ್ತಾರೆ. ಗೋಡೆಗೆ ಮುಖ ಮಾಡಿ, “ಅವಳೂ ಹೀಗೇ ನಿಂತಿರ್ತಾಳೆ, ಪಾಪ. ಹತ್ತಿರ ಹೋಗೋರೇ ಇಲ್ಲ” ಎಂದರು. ಇಲ್ಲಿ ನಾನು ಉಚ್ಚೆ ಬಟ್ಟೆ ಒಗೆದು ಸಾಯುತ್ತಿದ್ದೇನೆ, ಪಾಪ ಅದಂತೆ. ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಎಸೆದು, ಚಪ್ಪಲಿ ಮೆಟ್ಟಿಕೊಂಡು ಶಿಬಿರಕ್ಕೆ ಹೊರಟೆ. ಒಂದು ಸಲ ನೋಡಿ ಬಂದು ಆಗುವುದಿಲ್ಲ ಎಂದರೆ ಇವರ ಬಾಯಿ ಮುಚ್ಚುತ್ತದಲ್ಲ.

ದಪ್ಪ ಮರದ ಅಡ್ಡಪಟ್ಟಿಗಳ ಆಚೆ ಅದು ನಿಂತಿತ್ತು. ಅಷ್ಟು ದೊಡ್ಡ ಜೀವ ಮೂಲೆಗೆ ಅಂಟಿಕೊಂಡು ಚಿಕ್ಕದಾಗಲು ನೋಡುತ್ತಿತ್ತು. ತಲೆ ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ. ನನ್ನನ್ನು ಕಂಡು ಕಿವಿ ಅಗಲಿಸಿ ಒಂದು ಹೆಜ್ಜೆ ಮುಂದೆ ಬಂತು. ನಾನು ಎಲ್ಲಿ ಓಡಿದೆನೋ ತಿಳಿಯದು, ನೀರಿನ ತೊಟ್ಟಿಯ ಹಿಂದೆ ಕೂತು ಕುಡಿದ ಚಹಾವನ್ನೆಲ್ಲ ಕಕ್ಕಿದೆ.

ಡಾಕ್ಟರಮ್ಮ ನೀರು ತಂದುಕೊಟ್ಟರು. “ನೀವು ಹೆದರಿದ್ದು ಒಳ್ಳೇದೇ ಆಯ್ತು. ಹೆದರದೇ ಇರೋರು ತುಂಬಾ ಹತ್ತಿರ ಹೋಗ್ತಾರೆ,” ಎಂದರು. ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ನಾಳೆ ಎಷ್ಟು ಹೊತ್ತಿಗೆ ಬರಲಿ ಎಂದು ಯಾಕೆ ಕೇಳಿದೆನೋ.

ಮಾರ್ಚ್ ೧೪

ಇನ್ನೂ ಆನೆಯ ಹತ್ತಿರ ಬಿಟ್ಟಿಲ್ಲ. ಮೊದಲು ಕೈ ಕಲಿಯಬೇಕಂತೆ. ಬೆರಳ ತುದಿಯಲ್ಲಿ ಚರ್ಮವನ್ನೇ ಸ್ವಲ್ಪ ಸರಿಸಿ ಒಂದು ಸುತ್ತು. ಗಡಿಯಾರದ ಆರರಿಂದ ಹೊರಟು ಮತ್ತೆ ಆರಕ್ಕೆ ಬಂದು, ಅಷ್ಟಕ್ಕೆ ನಿಲ್ಲದೆ ಒಂಬತ್ತರ ತನಕ ಹೋಗಿ ಕೈ ಎತ್ತಬೇಕು. ಉಜ್ಜಬಾರದು, ಒತ್ತಬಾರದು. ಕಣ್ಣುರೆಪ್ಪೆಯ ಮೇಲೆ ಮಾಡಿದರೂ ಹಿತವಾಗಿರಬೇಕು, ಅಷ್ಟು ಹಗುರ. ಮುಖ್ಯವಾದದ್ದು ಕೈ ತೆಗೆಯುವುದು ಎನ್ನುತ್ತಾರೆ. ಬೇಡ ಎಂದು ಅದಕ್ಕೆ ಅನ್ನಿಸುವ ಮುಂಚೆ ನಾವೇ ತೆಗೆಯಬೇಕು.

ನನ್ನ ಕೈ ಗಡುಸು. ದಪ್ಪ ಬಟ್ಟೆ ಎಳೆದು ಹೊಲಿದ ಕೈ. ಡಾಕ್ಟರಮ್ಮ ತಮ್ಮ ತೋಳು ಚಾಚಿ ಮಾಡಿಸಿಕೊಂಡು, “ನೀವು ಅಳತೆ ತಗೊಳ್ತಿದ್ದೀರಿ” ಎಂದು ನಕ್ಕರು.

ಸಂಜೆ ಅತ್ತೆಯ ಮಂಡಿಯ ಮೇಲೆ ಅಭ್ಯಾಸ ಮಾಡಿದೆ. ಇದೇನು ಇರುವೆ ಹರಿದಾಡಿದ ಹಾಗೆ, ಒತ್ತುವುದಾದರೆ ನೆಟ್ಟಗೆ ಒತ್ತು ಎಂದು ಬೈದರು. ಆನೆಗಾದರೆ ಬೆರಳ ತುದಿ, ಅತ್ತೆಗೂ ಬೆರಳ ತುದಿಯೇ ಎಂದು ಗೊಣಗುತ್ತಾ ಕೂತಲ್ಲೇ ಗೊರಕೆ ಹೊಡೆದರು.

ಮಾರ್ಚ್ ೨೨

ಉದ್ದ ಬಿದಿರಿನ ತುದಿಗೆ ಹಳೆಯ ಹೊದಿಕೆಯ ಮೆತ್ತೆ ಹೊಲಿದು ಕಟ್ಟಿಕೊಂಡಿದ್ದೆ. ಅಡ್ಡಪಟ್ಟಿಯ ಈಚೆಯಿಂದ ಅದನ್ನು ಒಳಗೆ ಚಾಚಿ ಅದರ ಭುಜಕ್ಕೆ ತಾಗಿಸುವುದು, ತೆಗೆಯುವುದು. ಇಷ್ಟು ದಿನ ಬಿದಿರು ಕಂಡರೇ ಹಿಂದೆ ಸರಿಯುತ್ತಿತ್ತು. ಇವತ್ತು ತಾಗಿತು. ಅದರ ಚರ್ಮ ನೀರಿನ ಮೇಲೆ ಗಾಳಿ ಓಡಿದ ಹಾಗೆ ನಡುಗಿತು. ತೆಗೆದೆ. ಇನ್ನೊಮ್ಮೆ ತಾಗಿಸಿದೆ. ಖುಷಿಯಲ್ಲಿ ಮೂರನೆಯ ಸಲವೂ ತಾಗಿಸಿ ಅಲ್ಲೇ ಇಟ್ಟುಕೊಂಡು ನಿಂತೆ. ಸೊಂಡಿಲು ಬಂದದ್ದೇ ಕಾಣಲಿಲ್ಲ. ಬಿದಿರು ಕಡ್ಡಿಯ ಹಾಗೆ ಮುರಿಯಿತು, ನನ್ನ ಅಂಗೈ ಸೀಳಿತು.

ಮೇನೇಜರು ದೂರದಿಂದ ನೋಡುತ್ತಿದ್ದರು. ತಿಂಗಳು ಕೊಡುತ್ತೇನೆ, ಅದಕ್ಕಿಂತ ಹೆಚ್ಚು ಆಗುವುದಿಲ್ಲ ಎಂದು ಡಾಕ್ಟರಮ್ಮನಿಗೆ ಹೇಳಿ ಹೋದರು.

ಮನೆಯಲ್ಲಿ ಇವರು ಕೈಯ ಪಟ್ಟಿ ನೋಡಿ ಏನಾಯಿತು ಎಂದರು. ನಿಮ್ಮ ಮುದ್ದಿನ ರಾಣಿ ಮಾಡಿದ್ದು ಎಂದು ಬಾಯಿಗೆ ಬಂದಂತೆ ಬೈದೆ. ಕೊಲೆಗಾತಿ ಎಂದೂ ಅಂದೆ. ಇವರು ಸುಮ್ಮನೆ ಕೇಳಿಸಿಕೊಂಡರು.

ಮಾರ್ಚ್ ೨೩

ಹೊಸ ಬಿದಿರು. ಎರಡೇ ಸಲ ತಾಗಿಸಿ ಬಂದೆ.

ಏಪ್ರಿಲ್ ೨

ಕೈಯಿಂದ ಮುಟ್ಟಿದೆ.

ಬಿದಿರನ್ನು ದಿನದಿನಕ್ಕೆ ಮೊಟಕು ಮಾಡುತ್ತಾ ಬಂದಿದ್ದೆವು. ಇವತ್ತು ಅದು ಅಡ್ಡಪಟ್ಟಿಗೆ ಒತ್ತಿ ನಿಂತಿತ್ತು, ಎಡ ಭುಜ ಈಚೆಗೆ. ಡಾಕ್ಟರಮ್ಮ ಹಿಂದಿನಿಂದ, ಬೇಡ ಅನ್ನಿಸಿದರೆ ಬೇಡ ಎಂದರು. ಬೆರಳಿಟ್ಟೆ. ಕಲ್ಲಿನ ಹಾಗಿರುತ್ತದೆ ಎಂದುಕೊಂಡಿದ್ದೆ. ಒಣ ಮಣ್ಣಿನ ಬಿರುಕಿನಂಥ ಗೆರೆಗಳು, ನಡುವೆ ತಂತಿಯಂಥ ಕೂದಲು, ಅದರೊಳಗೆ ಬಿಸಿ. ಒಲೆ ಆರಿದ ಮೇಲೆ ಗೋಡೆ ಬೆಚ್ಚಗಿರುತ್ತದಲ್ಲ, ಹಾಗೆ. ಒಂದು ಸುತ್ತು ಹಾಕಿ ತೆಗೆದೆ. ಅದು ಉಸಿರು ಬಿಗಿಹಿಡಿದು ನಿಂತಿತ್ತು. ನಾನೂ ಹಾಗೇ ನಿಂತಿದ್ದೆನಂತೆ, ಉಸಿರಾಡಿ ಎಂದು ಡಾಕ್ಟರಮ್ಮ ನನಗೆ ಹೇಳಬೇಕಾಯಿತು. ನಾನು ಉಸಿರು ಬಿಟ್ಟೆ. ಸ್ವಲ್ಪ ಹೊತ್ತಿಗೆ ಅದೂ ಬಿಟ್ಟಿತು.

ತಲೆ ತೂಗುವುದು ನಿಂತಿತ್ತು. ನಾನು ಗಮನಿಸಿರಲಿಲ್ಲ, ಮೀಸೆ ಬಂದು ಹೇಳಿದ. ಮೀಸೆ ಎಂದರೆ ಪಕ್ಕದ ದೊಡ್ಡಿಯ ಮಾವುತ. ಇದೆಲ್ಲ ಹೆಂಗಸರ ಆಟ ಎಂದು ನಗುತ್ತಿದ್ದವನು.

ಬರೆಯಲು ಇನ್ನೇನೂ ಇಲ್ಲ. ಇವರು ರಾತ್ರಿ ಹೆಗಲು ನೋವು ಎಂದರು, ಸ್ವಲ್ಪ ಹೊತ್ತು ಸವರಿದೆ. ನಿದ್ದೆ ಮಾಡಿದರು.

ಏಪ್ರಿಲ್ ೯

ಕುತ್ತಿಗೆಯಿಂದ ಮೇಲೆ, ಕಿವಿಯ ಬುಡದವರೆಗೆ ಹೋಗಿ ಎಂದಿದ್ದರು ಡಾಕ್ಟರಮ್ಮ. ಕಿವಿಯನ್ನು ಬುಡದಿಂದ ತುದಿಗೆ ಮೆಲ್ಲಗೆ ಸವರಿದರೆ ಆನೆಗೆ ಸಮಾಧಾನವಂತೆ. ಬಲಗಿವಿಯನ್ನು ಬಿಟ್ಟುಕೊಟ್ಟಳು. ಕಣ್ಣು ಅರೆಮುಚ್ಚಿ, ಕೆಳತುಟಿ ಜೋಲಿಸಿ ನಿಂತಳು. ಅತ್ತೆ ಕೂತಲ್ಲೇ ತೂಕಡಿಸುವ ಹಾಗೆಯೇ. ಎಡಗಿವಿಯ ಹತ್ತಿರ ಬೆರಳು ಹೋದದ್ದೇ ತಲೆ ಕಿತ್ತುಕೊಂಡು ಹಿಂದೆ ಸರಿದಳು. ಕಾದೆ. ತಾನೇ ಬಂದಳು. ಮತ್ತೆ ಇಟ್ಟೆ. ಸರಿದಳು. ಬಂದಳು. ಕೊನೆಗೆ ನಡುಗುತ್ತಲೇ ಬಿಟ್ಟುಕೊಟ್ಟಳು.

ಕಿವಿಯ ಹಿಂದೆ, ಮಡಿಕೆಯ ಒಳಗೆ, ಚರ್ಮ ಮೆತ್ತಗಿರುವ ಕಡೆ ಗಂಟು ಗಂಟಾಗಿ ಬೆರಳಿಗೆ ಸಿಕ್ಕಿತು. ಒಣಗಿದ ಹಕ್ಕಳೆಗಳು, ಒಂದರ ಪಕ್ಕ ಒಂದು, ಒಂದರ ಮೇಲೊಂದು. ಬಟ್ಟೆಗೆ ಸೂಜಿ ಸಿಕ್ಕಿಕೊಂಡು ಯಂತ್ರ ಒಂದೇ ಜಾಗದಲ್ಲಿ ಕುಟ್ಟಿದರೆ ಆಗುವ ಹಾಗೆ.

ಇದೇನು ಎಂದು ಕೇಳಿದೆ. ಡಾಕ್ಟರಮ್ಮ ಬೇರೆ ಕಡೆ ನೋಡಿದರು. “ಅಂಕುಶದ್ದು. ಹಳೇದಲ್ಲ,” ಎಂದರು.

ಅವಳನ್ನು ಅಂಕುಶ ಹಿಡಿದು ನಡೆಸುವವರು ಒಬ್ಬರೇ.

ಏಪ್ರಿಲ್ ೧೦

ಅತ್ತೆ ಹೊರಗೆ ಬಟ್ಟೆ ಒಣಹಾಕುತ್ತಿದ್ದಾಗ ಕೇಳಿದೆ.

“ಎಡಗಿವಿ ಹಿಂದೆ ಗಾಯ ಇದೆ. ಯಾವತ್ತಿಂದು?”

ಕಣ್ಣು ಮುಚ್ಚಿಕೊಂಡರು. ಖಾಲಿ ಲೋಟ ಎತ್ತಿಕೊಂಡು ಎದ್ದೆ. ಆಗ ಹೇಳತೊಡಗಿದರು.

ಅವತ್ತು ಸೇತುವೆಯ ಹತ್ತಿರ ಬಂದು ಅವಳು ನಿಂತುಬಿಟ್ಟಳಂತೆ. ಸೊಂಡಿಲಲ್ಲಿ ಹಲಗೆ ಮೂಸಿದಳು, ಪಾದ ಇಟ್ಟು ತೂಕ ಹಾಕಿ ನೋಡಿದಳು, ಹಿಂದೆ ಸರಿದಳು. ಆಚೆ ದಡದಲ್ಲಿ ಲಾರಿ, ಲಾರಿಯ ಪಕ್ಕ ಮೇನೇಜರು, ಉಳಿದ ಮಾವುತರೆಲ್ಲ ದಾಟಿ ಹೋಗಿ ನಿಂತಿದ್ದರು. ಅವರ ಆನೆಗಳು ಹಗುರ, ಇವಳದ್ದೇ ಎಲ್ಲಕ್ಕಿಂತ ದೊಡ್ಡ ದಿಮ್ಮಿ. ಇವರು ಮಾತಲ್ಲಿ ಹೇಳಿದರು, ಮಂಡಿಯಿಂದ ಒತ್ತಿದರು. ಅವಳು ಜಪ್ಪಯ್ಯ ಎನ್ನಲಿಲ್ಲ. ಯಾರೋ ನಕ್ಕರು.

“ಎಲ್ಲರೂ ನೋಡ್ತಿದ್ರು ಕಣೇ. ನನ್ನ ಆನೆ ನನ್ನ ಮಾತು ಕೇಳಲ್ಲ ಅಂತ ಆಗಬಾರದು ಅನ್ನಿಸ್ತು. ಹೊಡೆದೆ. ಒಂದೇ ಜಾಗಕ್ಕೆ ಹೊಡೆದೆ. ಹಲಗೆ ಗಟ್ಟಿಯಿದೆ ಅಂತಲ್ಲ ಅವಳು ಕಾಲಿಟ್ಟಿದ್ದು. ನನ್ನ ಏಟು ತಡೀಲಾರದೆ ಇಟ್ಟಳು.”

“ಇಷ್ಟು ದಿನ ನಾನು ಅವಳನ್ನ ಬೈಯೋದು ಕೇಳ್ಕೊಂಡು ಮಲಗಿದ್ರಲ್ಲ,” ಎಂದೆ.

“ನೀನು ಬೈಯೋವಾಗ ನನಗೆ ಸ್ವಲ್ಪ ಹಗುರ ಆಗ್ತಿತ್ತು,” ಎಂದರು.

ಏಪ್ರಿಲ್ ೧೧

ಶಿಬಿರಕ್ಕೆ ಹೋಗಲಿಲ್ಲ. ಮನೆಯಲ್ಲಿ ಮಾತಾಡಲಿಲ್ಲ. ಶಾಲೆಯವರ ಸಮವಸ್ತ್ರಕ್ಕೆ ಗುಂಡಿ ಹಚ್ಚಿದೆ. ಒಂದು ಅಂಗಿಗೆ ಒಳಮೈಯಲ್ಲಿ ಹಚ್ಚಿ ಬಿಚ್ಚಿದೆ.

ಏಪ್ರಿಲ್ ೧೬

ಇವರಿಗೆ ಊಟ ಕೊಡುತ್ತೇನೆ, ಮೈ ಒರೆಸುತ್ತೇನೆ. ಮಾತು ಬರುತ್ತಿಲ್ಲ. ಏನಾಗಿದೆ ನಿಮಗೆ ಎಂದು ಅತ್ತೆ ಕೇಳಿ ಕೇಳಿ ಸಾಕಾಗಿ, ನಿಮ್ಮ ಕರ್ಮ ಎಂದು ಕೈಬಿಟ್ಟಿದ್ದಾರೆ.

ಶಿಬಿರದಲ್ಲಿ ನಾನು ಐದು ದಿನ ಕಾಣದಿದ್ದಕ್ಕೆ ಅವಳು ಮತ್ತೆ ಮೂಲೆ ಸೇರಿದ್ದಳು. ನನ್ನ ಹೆಜ್ಜೆ ಕೇಳಿ ತಿರುಗಿದಳು, ಬರಲಿಲ್ಲ. ಮರದ ಪಟ್ಟಿಗೆ ಒರಗಿ ಅಲ್ಲೇ ಕೂತೆ. ಅವಳಿಗೆ ಏನು ಹೇಳಲಿ? ಕೊಲೆಗಾತಿ ಎಂದದ್ದು ಅವಳಿಗೆ ಕೇಳಿಸಿಲ್ಲ, ಆದರೂ ಬಾಯಿ ಕಹಿಯಾಗಿತ್ತು. ಬಿಸಿಲು ಮೇಲೇರಿದ ಮೇಲೆ ಬಂದಳು. ನನ್ನ ತಲೆಗೂದಲನ್ನು ಸೊಂಡಿಲಲ್ಲಿ ಮೂಸಿದಳು. ಬಿಸಿ ಉಸಿರು, ಹುಲ್ಲಿನ ವಾಸನೆ. ನಾನು ಅಲುಗಾಡಲಿಲ್ಲ.

ಆಮೇಲೆ ನಾನು ಭುಜ ಸವರುತ್ತಿದ್ದಾಗ ಡಾಕ್ಟರಮ್ಮ ಕಾಲಿನ ಗಾಯ ತೊಳೆದರು. ಕೀವು ಬಸಿಯುವ ತನಕ ನಿಂತಳು.

ಏಪ್ರಿಲ್ ೨೯

ಮೇನೇಜರಿಗೆ ಸಂತೋಷವಾಗಿದೆ. ಗಾಯ ಮಾಗಿದೆ, ನಾನು ಪಕ್ಕದಲ್ಲಿದ್ದರೆ ಮೀಸೆಯೂ ಹತ್ತಿರ ಹೋಗಬಹುದು, ದೊಡ್ಡಿಯಿಂದ ಹೊರಗೆ ನಡೆಸಿದ್ದೇವೆ. ಇನ್ನು ಕಾವಲು ದೊಡ್ಡಿಯ ಮಾತಿಲ್ಲ ಎಂದರು. ಸೇತುವೆ ಹೊಸದಾಗಿದೆ, ಶುಕ್ರವಾರ ದಾಟಿಸಿ ನೋಡೋಣ, ದಾಟಿದರೆ ಮರುವಾರದಿಂದ ದಿಮ್ಮಿಗೆ ಕಟ್ಟೋಣ ಎಂದರು.

ದಾರಿಯುದ್ದಕ್ಕೂ ಇದೇ ಯೋಚನೆ. ಅವಳ ಭಯ ಬಿಡಿಸಿದ್ದು ಅದೇ ಸರಪಳಿಗೆ ಮತ್ತೆ ಕಟ್ಟುವುದಕ್ಕಾ? ಗಾಯ ಮಾಗಿಸಿ ಹೊಡೆಸಿಕೊಳ್ಳಲು ಕಳಿಸಿದ ಹಾಗಾಗಲಿಲ್ಲವಾ? ಡಾಕ್ಟರಮ್ಮನನ್ನು ಕೇಳಿದೆ. ಅವರ ಮುಖ ನೋಡಿದರೆ, ಈ ಪ್ರಶ್ನೆ ಅವರಿಗೆ ಹೊಸದಲ್ಲ ಅನ್ನಿಸಿತು.

ಮೇ ೩, ಶುಕ್ರವಾರ

ಸೀರೆ ಇನ್ನೂ ಒದ್ದೆ, ಹಾಗೇ ಕೂತು ಬರೆಯುತ್ತಿದ್ದೇನೆ.

ಹೊಸ ಸೇತುವೆ ನಿಜವಾಗಿಯೂ ಗಟ್ಟಿಯಾಗಿದೆ. ಕಬ್ಬಿಣದ ತೊಲೆ, ದಪ್ಪ ಹಲಗೆ. ನಮ್ಮ ಕಣ್ಣೆದುರೇ ಲಾರಿ ಓಡಿಸಿ ತೋರಿಸಿದರು. ನಾನು ಮೊಂಡಿಯ ಪಕ್ಕದಲ್ಲಿ, ಮೀಸೆ ಅಂಕುಶ ಹಿಡಿದು ಹಿಂದೆ. ಸೇತುವೆ ಕಂಡದ್ದೇ ಅವಳ ನಡಿಗೆ ಚಿಕ್ಕದಾಯಿತು. ಹಲಗೆ ಮೂಸಿದಳು. ಪಾದ ಇಟ್ಟಳು, ತೆಗೆದಳು. ನಿಂತಳು. ನಾನು ಭುಜ ಸವರಿದೆ, ಕಿವಿ ಸವರಿದೆ. ಅವಳ ಚರ್ಮ ಮೊದಲ ದಿನದಂತೆ ನಡುಗುತ್ತಿತ್ತು.

ಎಷ್ಟು ಹೊತ್ತು ಎಂದರು ಮೇನೇಜರು. ಒಂದೇ ಒಂದು ಸಲ ತಾಗಿಸುತ್ತೇನೆ, ದಾಟಿಬಿಡುತ್ತಾಳೆ, ದಾಟಿದರೆ ಅವಳ ಭಯವೂ ಹೋಗುತ್ತದೆ ಎಂದ ಮೀಸೆ. ಅವನು ಕೆಟ್ಟವನಲ್ಲ, ನಂಬಿಯೇ ಹೇಳಿದ. ಅಂಕುಶ ಎತ್ತಿದ. ಮೊಂಡಿಯ ಎಡಗಿವಿ ಕುತ್ತಿಗೆಗೆ ಅಂಟಿಕೊಂಡಿತು. ನಾನು ಅವನ ಕೈಗೂ ಆ ಕಿವಿಗೂ ನಡುವೆ ಹೋಗಿ ನಿಂತಿದ್ದೆ.

ಇದುವರೆಗೆ ಮಾಡಿದ್ದೆಲ್ಲ ಏತಕ್ಕೆ ಹಾಗಾದರೆ, ಸೇತುವೆ ಗಟ್ಟಿಯಿರುವುದು ಕಾಣುತ್ತಿಲ್ಲವಾ ಎಂದರು ಮೇನೇಜರು.

“ಗಟ್ಟಿಯಿದೆ ಸಾರ್. ಅದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಹೋದ ಸಲ ಅವಳಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಇವತ್ತು ಹೊಡೆಯೋಕೆ ಬಿಡಲ್ಲ.”

ನಾನು ಅವಳನ್ನು ಸೇತುವೆಯ ಪಕ್ಕದ ಇಳಿಜಾರಿನಲ್ಲಿ ಕರೆದುಕೊಂಡು ಹಳ್ಳಕ್ಕೆ ಇಳಿದೆ. ನೀರು ನನ್ನ ತೊಡೆಯವರೆಗೆ ಬಂತು. ಅವಳು ಒಂದೊಂದೇ ಕಾಲಿಟ್ಟು, ತಳ ನೋಡಿಕೊಂಡು, ನನ್ನ ಹಿಂದೆ ಬಂದು ಆಚೆ ದಡ ಹತ್ತಿದಳು. ಆ ದಾರಿಯಲ್ಲಿ ದಿಮ್ಮಿ ಎಳೆಯಲು ಬರುವುದಿಲ್ಲ. ಇನ್ನು ಇವಳನ್ನು ದಿಮ್ಮಿಗೆ ಕಟ್ಟಿದರೆ ತಾನು ಜವಾಬ್ದಾರಳಲ್ಲ ಎಂದು ಡಾಕ್ಟರಮ್ಮ ಎಲ್ಲರೆದುರು ಹೇಳಿದರು. ಮೇನೇಜರು ತಲೆ ಕೆರೆದುಕೊಂಡು, ಉಳಿದ ಆನೆಗಳಿಗೆ ಮೇವು ಹೊರಲಿ ಹಾಗಾದರೆ ಎಂದು ಜೀಪು ಹತ್ತಿದರು.

ದೊಡ್ಡ ಅಧಿಕಾರಿಯ ಮುಂದೆ ಬಿಡಲ್ಲ ಎನ್ನಲು ನಾನ್ಯಾರು? ಮನೆಗೆ ಬಂದು ಇವರಿಗೆ ಹೇಳಿದೆ. ಎಷ್ಟೋ ದಿನದ ಮೇಲೆ ಇಷ್ಟು ಮಾತಾಡಿದ್ದು. ಇವರು ತಲೆದಿಂಬಿನಲ್ಲಿ ಮುಖ ಒತ್ತಿಕೊಂಡು, ಒಮ್ಮೆ ಅವಳನ್ನು ನೋಡಬೇಕು ಎಂದರು.

ಮೇ ೧೨

ಶಿಬಿರದ ಜೀಪಿನಲ್ಲಿ ಇವರನ್ನು ಕರೆದುಕೊಂಡು ಹೋದೆವು. ಬೆಳಗ್ಗೆ ತಾವೇ ಗಡ್ಡ ಹೆರೆದುಕೊಂಡಿದ್ದರು. ಹೋದ ಕೂಡಲೇ ಸೊಂಡಿಲು ಚಾಚಿ ಬರುತ್ತಾಳೆ ಎಂದು ದಾರಿಯುದ್ದಕ್ಕೂ ಅಂದುಕೊಂಡೇ ಬಂದರು.

ಕೋಲು ಊರಿಕೊಂಡು ಅಡ್ಡಪಟ್ಟಿಯ ಹತ್ತಿರ ಹೋದರು. ಗಾಳಿ ಇವರ ಕಡೆಯಿಂದ ಬೀಸಿತು. ಮೊಂಡಿ ತಿನ್ನುತ್ತಿದ್ದುದನ್ನು ಬಾಯಿಂದ ಬಿಟ್ಟಳು. ಹಿಂದೆ ಹಿಂದೆ ಹೋಗಿ ಮೂಲೆಗೆ ಒತ್ತಿಕೊಂಡಳು. ಎಡಗಿವಿ ಕುತ್ತಿಗೆಗೆ ಅಂಟಿತು, ತಲೆ ತೂಗತೊಡಗಿತು, ಕಾಲ ಕೆಳಗೆ ನೆಲ ಒದ್ದೆಯಾಯಿತು.

ಇವರು ಕರೆಯಲೆಂದು ಬಾಯಿ ತೆರೆದರು. ಡಾಕ್ಟರಮ್ಮ ಬೇಡ ಎಂದು ಕೈ ಮಾಡಿದರು. ಜೀಪಿನಲ್ಲಿ ಹಿಂದೆ ಬರುವಾಗ ಒಂದೇ ಮಾತು: “ದಿಮ್ಮಿಗಲ್ಲ, ಸೇತುವೆಗಲ್ಲ. ನನಗೆ ಹೆದರಿದಳು.”

ನನಗೆ ಅಯ್ಯೋ ಅನ್ನಿಸಿತು, ಸಿಟ್ಟೂ ಇತ್ತು. ಎರಡೂ ಒಟ್ಟಿಗೆ ಇರುತ್ತವೆ ಎಂದು ಗೊತ್ತಿರಲಿಲ್ಲ.

ಮೇ ೧೫

ಇವರು ದಿನಾ ಬರುತ್ತೇನೆ ಎನ್ನುತ್ತಿದ್ದಾರೆ. ದೂರದಲ್ಲಿ, ಅವಳಿಗೆ ಕಾಣುವ ಕಡೆ ಸ್ಟೂಲು ಹಾಕಿ ಕೂರಬಹುದು. ಕರೆಯಬಾರದು, ದಿಟ್ಟಿಸಬಾರದು, ಏನೂ ಬೇಡಬಾರದು ಎಂದು ಡಾಕ್ಟರಮ್ಮನ ಕಟ್ಟಪ್ಪಣೆ. ಮಗ ಬಿಸಿಲಲ್ಲಿ ಸುಮ್ಮನೆ ಕೂರುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು, ಜಗಲಿಯಲ್ಲೇ ಕೂತರಾಗದಾ ಎಂದು ಅತ್ತೆಯ ವಾದ. ಆದರೂ ಟೋಪಿ ಹುಡುಕಿ ಕೊಟ್ಟರು.

ಮೇ ೨೬, ಭಾನುವಾರ

ಇವತ್ತು ಬೆಳಗ್ಗೆ ನಾನು ಮೊಂಡಿಯ ಹಿಂಗಾಲು ಸವರುತ್ತಿದ್ದೆ. ಈಗ ಅಡ್ಡಪಟ್ಟಿಯ ಒಳಗೇ ಇರುತ್ತೇನೆ. ಇವರು ತಮ್ಮ ಸ್ಟೂಲಿನ ಮೇಲೆ ಕೂತು ಟೋಪಿಯ ಕೆಳಗಿಂದ ತಮ್ಮ ಪಾದ ನೋಡುತ್ತಿದ್ದರು. ಇಷ್ಟು ದಿನವೂ ಅವಳು ಇವರತ್ತ ಮುಖ ಇಟ್ಟುಕೊಂಡೇ ತಿನ್ನುತ್ತಿದ್ದಳು, ಒಂದು ಕಣ್ಣು ಅಲ್ಲೇ. ಒಂದು ತುತ್ತು ತಿನ್ನುವುದು, ನೋಡುವುದು.

ಮೀಸೆ ಹುಲ್ಲಿನ ಹೊರೆ ತಂದು ಆಚೆ ಬದಿಗೆ ಹಾಕಿದ. ಮೊಂಡಿ ತಿರುಗಿ ಹೋದಳು. ಹೊರೆ ಬಿಡಿಸಿ, ಕೊಡವಿ, ತಿನ್ನತೊಡಗಿದಳು. ಇವರ ಕಡೆಗೆ ಪೂರ್ತಿ ಬೆನ್ನು. ತಿರುಗಿ ನೋಡುತ್ತಾಳೆ ಎಂದು ನಾನು ಕಾದೆ. ನೋಡಲಿಲ್ಲ.

ಹೊರಗೆ ಬಂದಾಗ ಇವರು ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡಿದ್ದರು. “ಬೆನ್ನು ತಿರುಗಿಸಿಬಿಟ್ಟಳಲ್ಲೇ,” ಎಂದರು. “ಇನ್ನು ನನ್ನ ಮುಖ ನೋಡಲ್ಲ.”

ಡಾಕ್ಟರಮ್ಮ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತರು. “ಹೆದರಿದ ಆನೆ ಹೆದರಿಸಿದವರಿಗೆ ಬೆನ್ನು ಕೊಡಲ್ಲ. ಇಷ್ಟು ದಿನ ನಿಮ್ಮನ್ನ ಕಾಯ್ತಾ ಇದ್ದಳು, ಯಾವಾಗ ಏಳ್ತಾನೋ ಅಂತ. ಇವತ್ತು ಕಾಯೋದು ಬಿಟ್ಟಳು.”

ಇವರು ಅವರ ಮುಖವನ್ನೂ ನನ್ನ ಮುಖವನ್ನೂ ನೋಡಿದರು. ಅವಳು ಹತ್ತಿರ ಬರುತ್ತಾಳಾ ಎಂದು ಕೇಳಲಿಲ್ಲ. ಬಾರದೇ ಇರಬಹುದು, ಅದು ನಮ್ಮ ಮೂವರಿಗೂ ಗೊತ್ತು.

ಹೊರಡುವ ಹೊತ್ತಾಗಿತ್ತು, ಜೀಪಿನವನು ಎರಡು ಸಲ ಹಾರನ್ ಮಾಡಿದ. ಆ ಸದ್ದಿಗೂ ಮೊಂಡಿ ತಿರುಗಲಿಲ್ಲ. ಇವರು ಏಳಲಿಲ್ಲ, ನಾನೂ ಏಳಿ ಎನ್ನಲಿಲ್ಲ. ಇವರ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತೆ. ಅವಳು ಹುಲ್ಲು ಅಗಿಯುವ ಸದ್ದು ಅಲ್ಲಿಯವರೆಗೂ ಕೇಳಿಸುತ್ತಿತ್ತು.